ಬಾಣಂತಿಯ ಅಳುವಿಗೊಂದು ಲೆಕ್ಕವಿರಲಿ
ಮನೆಯಲ್ಲಿ ಬಾಣಂತಿ ಇರುವವರು ಕ್ಯಾಲೆಂಡರಿನಲ್ಲಿ ಹೆರಿಗೆಯಾದ 14ನೇ ದಿನಕ್ಕೊಂದು ಗುರುತು ಹಾಕಿ. ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಹಾರ್ಮೋನುಗಳ ಏರುಪೇರು, ನಿದ್ದೆಗೇಡು. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಗುರುತು ದಾಟಿಯೂ ಮಂಕು ಕವಿದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು, ವೈದ್ಯರಿಗೆ ತಿಳಿಸಿ. ಸಾಯುವ ಮಾತೋ, ಮಗುವಿಗೆ ಕೇಡಾಗುವ ಮಾತೋ ಬಂದರೆ, ಇಲ್ಲದ ದನಿ ಕೇಳಿಸಿದರೆ ಒಂದು ದಿನವೂ ಕಾಯಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ನನ್ನ ಬಾಣಂತನದಲ್ಲಿ ಎಣ್ಣೆಸ್ನಾನ, ಸಾಂಬ್ರಾಣಿ ಹೊಗೆ ಒಂದೂ ತಪ್ಪಲಿಲ್ಲ. ‘ರಾತ್ರಿ ನಿದ್ದೆ ಬಂತೇನಮ್ಮ’ ಎಂದು ಮಾತ್ರ ಯಾರೂ ಕೇಳಲಿಲ್ಲ! ರಾತ್ರಿಯ ಒಂದು ಸರದಿಯನ್ನು ಗಂಡ ವಹಿಸಿಕೊಳ್ಳಲಿ. ಹಾಂ, ಅಪ್ಪಂದಿರಿಗೂ ಈ ಖಿನ್ನತೆ ಬರುವುದುಂಟು; ಅವರನ್ನೂ ಒಮ್ಮೆ ವಿಚಾರಿಸಿ.