ಗಾಜಿಗಂಟಿದ ಮದುವೆ ಫೋಟೋ: ಬಿಡಿಸದೇ ಪ್ರತಿ ತೆಗೆದ ನನ್ನ ಅನುಭವ

ಗಾಜಿಗೆ ಅಂಟಿದ ಫೋಟೋವನ್ನು ಬಿಡಿಸದೆ ಅದರಿಂದ ಚೊಕ್ಕ ಪ್ರತಿ ತೆಗೆಯಲಾಗದು ಎಂದು ಕಲಬುರಗಿಯ ನಮ್ಮ ಸ್ಟುಡಿಯೋ ಬಳಗದಲ್ಲಿ ಬಹುತೇಕ ಎಲ್ಲರೂ ಹೇಳಿದ್ದರು. ಈಗ ಆ ಪ್ರತಿ ನನ್ನ ಅಂಗಡಿಯ ಗೋಡೆಯ ಮೇಲಿದೆ. ಹಾಗೆ ಹೇಳಿದವರೇ ಬಂದು ಭೂತಗನ್ನಡಿ ಹಿಡಿದು ನೋಡಿ ಹೋಗಿದ್ದಾರೆ.

ಅದು ನಮ್ಮ ಮುತ್ಯಾನ, ಅಂದರೆ ಅಜ್ಜನ, ಮದುವೆಯ ಫೋಟೋ. ಚಿತ್ತಾಪುರ ತಾಲ್ಲೂಕಿನ ಹಳ್ಳಿಮನೆಯ ಮಾಳಿಗೆ ಸೋರಿ, ಎಷ್ಟೋ ಮಳೆಗಾಲಗಳ ತೇವ ಚೌಕಟ್ಟಿನೊಳಗೆ ಇಳಿದು, ಚಿತ್ರದ ಮುಕ್ಕಾಲು ಪಾಲು ಗಾಜನ್ನು ಕಚ್ಚಿಕೊಂಡಿತ್ತು. ಅಂಚಿನ ಕಪ್ಪು ಭಾಗಗಳಲ್ಲಿ ಚಿತ್ರದೊಳಗಿನ ಬೆಳ್ಳಿ ಮೇಲೆದ್ದು, ಅದರ ನೀಲಿ ಹೊಳಪಿನಡಿ ನಾಲ್ಕೈದು ಮಂದಿ ಮುಚ್ಚಿಹೋಗಿದ್ದರು.

ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಹಿಂದೆ ಗಿರಾಕಿಯೊಬ್ಬರ ಫೋಟೋದ ಮೇಲೆ ಮಾಡಿ ಕೈಸುಟ್ಟುಕೊಂಡಿದ್ದೆ. ಅದಕ್ಕೆ ಕೈಯಿಂದ ಬಣ್ಣ ಹಚ್ಚಿದ್ದು ಮಾಸಿದ ಗಾಜಿನೊಳಗಿಂದ ತಿಳಿಯಲಿಲ್ಲ. ಕಾಲು ಗಂಟೆಯೊಳಗೆ ಸೀರೆಯ ಕೆಂಪು ನೀರಿಗಿಳಿಯಿತು. ಐದು ಸಾವಿರ ಕೊಟ್ಟು ಕೈಮುಗಿದೆ, ಆದರೆ ಅವರ ತಾಯಿಯ ಇನ್ನೊಂದು ಫೋಟೋ ಅವರಲ್ಲಿರಲಿಲ್ಲ. ಅಂದಿನಿಂದ ನಾನು ಇಂಥ ಫೋಟೋಕ್ಕೆ ನೀರು ಮುಟ್ಟಿಸಿಲ್ಲ. ಮುತ್ಯಾನ ಫೋಟೋವನ್ನು ತೆಳು ಸ್ಕ್ಯಾನರಿನಲ್ಲಿಟ್ಟು ನೋಡಿದರೆ, ನಡುವಿನ ಗಾಜಿನ ದಪ್ಪಕ್ಕೇ ಚಿತ್ರ ಮಸುಕಾಯಿತು.

ಕೊನೆಗೆ ಕ್ಯಾಮೆರಾದಿಂದ ತೆಗೆಯಲೆಂದು ಎರಡೂ ದೀಪಗಳಿಗೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಲೆನ್ಸಿಗೆ ಅದೇ ಜಾತಿಯ ಫಿಲ್ಟರ್ ಹಾಕಿದೆ. ಹಾಳೆಗಳಿಗೆ ಸುಮಾರು ಎರಡೂವರೆ ಸಾವಿರ, ಹಳೆಯ ಫಿಲ್ಟರಿಗೆ ಒಂದು ಸಾವಿರ ಹಿಡಿಯಿತು. ಹಣ ಉಳಿಸಲೆಂದು ಮೊದಲು ಒಡೆದ ಲ್ಯಾಪ್‌ಟಾಪ್ ಪರದೆಯ ಹಾಳೆಯನ್ನೂ ಕಿತ್ತು ನೋಡಿದ್ದೆ. ಅದರ ಅಂಟು ಹೋಗದೆ ಬೆಳಕೆಲ್ಲ ಕಲೆಕಲೆಯಾಯಿತು. ಫೋಟೋದ ಪಕ್ಕದಲ್ಲಿ ಸ್ಟೀಲ್ ಚಮಚ ಇಟ್ಟು, ಅದರ ಮೇಲಿನ ಬೆಳಕಿನ ಚುಕ್ಕೆ ಆರುವವರೆಗೆ ಫಿಲ್ಟರ್ ತಿರುಗಿಸಿದೆ. ಚುಕ್ಕೆ ಆರಿದಾಗ ನೀಲಿ ಹೊಳಪೂ ಇಳಿಯಿತು, ಅಂಟಿದ ಭಾಗಕ್ಕೂ ಅಂಟದ ಭಾಗಕ್ಕೂ ಇದ್ದ ಕಪ್ಪಿನ ವ್ಯತ್ಯಾಸವೂ ಬಹುಮಟ್ಟಿಗೆ ಅಳಿಯಿತು. ಎಕ್ಸ್‌ಪೋಶರ್ ಮೂರು ನಾಲ್ಕು ಸೆಕೆಂಡು ಬೇಕಾಯಿತು. ಬಿರುಕಿನ ಗೆರೆಗಳನ್ನು ಹೇಗೆ ತಗ್ಗಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಕಸುಬು. ಮುಖ ತಿದ್ದುವ ಎಐ ಆ್ಯಪ್ ಒಂದಕ್ಕೂ ಕೊಟ್ಟು ನೋಡಿದೆ. ಅದು ಬಾಸಿಂಗದಡಿ ಬೇರೆ ಯಾರದೋ ಕಣ್ಣು ಕೂಡಿಸಿದ್ದರಿಂದ ಆ ಫೈಲನ್ನು ಅಳಿಸಿದೆ.

ಹಿಂದಿನ ಹಲಗೆ ತೆಗೆದಾಗ ರಟ್ಟಿನ ಮೇಲೆ ಉರ್ದುವಿನಲ್ಲಿ ಮಸಿಯ ಬರಹವಿತ್ತು: ಖುರ್ದಾದ್ 1355. ಕಾಕಾ ಅದನ್ನು ಹಿಜರಿ ಎಂದುಕೊಂಡು ಮದುವೆ 1936ರದೆಂದು ಹಟ ಹಿಡಿದರು. ಆದರೆ ಖುರ್ದಾದ್ ಹಿಜರಿ ತಿಂಗಳಲ್ಲ. ಅದು ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದ ಫಸಲಿ ಎಂಬ ವರ್ಷಗಣನೆಯ ಏಳನೆಯ ತಿಂಗಳು. ಫಸಲಿಗೆ 590 ಕೂಡಿಸಿದರೆ 1945 ಅಕ್ಟೋಬರಿನಿಂದ ಆರಂಭವಾದ ವರ್ಷ ಸಿಗುತ್ತದೆ, ಅಂದರೆ ಮದುವೆ 1946ರ ಏಪ್ರಿಲ್ ಸುಮಾರಿನದು.

ಫೋಟೋದಲ್ಲಿನ ಮದುಮಗಳು ನಮ್ಮ ಆಯಿ, ಅಂದರೆ ಅಜ್ಜಿ. ಅವಳ ತಂಗಿಗೆ ಈಗ ತೊಂಬತ್ತರ ಹತ್ತಿರ. ಇಡೀ ಫೋಟೋ ತೋರಿಸಿದರೆ ಅವರಿಗೆ ಗೊಂದಲವಾಗುತ್ತಿತ್ತು. ಆದ್ದರಿಂದ ಒಬ್ಬೊಬ್ಬರನ್ನೇ ಕತ್ತರಿಸಿ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಹೋದೆ. ಹೊಳಪು ಸರಿದ ಎಡಅಂಚಿನಲ್ಲಿ ಕಂಬದ ಮರೆಗೆ ನಿಂತ ಹುಡುಗಿಯ ಮುಖವನ್ನು ಅವರು ನೋಡಲೇ ಇಲ್ಲ, ನೇರವಾಗಿ ತೋಳಿನ ಹಾವಿನಾಕಾರದ ಒಡವೆಯ ಮೇಲೆ ಬೆರಳಿಟ್ಟರು. "ನಂದೇ ನಾಗಮುರಗಿ ಅದ ಇದು, ಹೆಡಿ ಮುರದದ ನೋಡೋ ತಮ್ಮಾ" ಎಂದವರು ಬಹಳ ಹೊತ್ತು ಆ ಕಾಗದ ಕೆಳಗಿಡಲಿಲ್ಲ. ಅಲ್ಲಿಂದ ಮುಂದೆ ದಂಡೆ ಕಟ್ಟಿದ ಆಯಿಯ ಹಿಂದೆ ನಿಂತ ಸೋದರಮಾವ, ರುಮಾಲು ಸುತ್ತಿದ ಇಬ್ಬರು ಬೀಗರು ಒಬ್ಬೊಬ್ಬರಾಗಿ ಹೆಸರು ಪಡೆದರು.

ಮನೆತನದವರಿಗೆ ಏಳು ಪ್ರತಿ ಮಾಡಿಸಿದೆ, ಒಂದಕ್ಕೆ ಚೌಕಟ್ಟು ಸೇರಿ ಸುಮಾರು ಆರುನೂರು. ಮೂಲವನ್ನು ಗಾಜಿನ ಸಮೇತ ಒಣ ಒಳಗೋಡೆಗೆ ತೂಗಿಹಾಕಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಮರದ ಚಕ್ಕೆ ಕೊಟ್ಟಿದ್ದೇನೆ. ಹನ್ನೊಂದು ಮಂದಿಯಲ್ಲಿ ಒಂಬತ್ತು ಹೆಸರುಗಳನ್ನು ಪ್ರತಿಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಾಗಿದೆ. ಮುಂದಿನ ಸಾಲಿನ ಶೇರ್ವಾನಿಯವರನ್ನೂ ಅವರ ತೊಡೆಯ ಮೇಲಿನ ಕೂಸನ್ನೂ ಗುರುತಿಸುವವರು ಇನ್ನೂ ಸಿಕ್ಕಿಲ್ಲ. ಶಹಾಬಾದಿನ ಕಡೆಯ ಬೀಗರ ಮನೆಯಲ್ಲಿ ಮುಂದಿನ ತಿಂಗಳು ಮದುವೆಯಿದೆ, ಆ ಎರಡು ಮುಖಗಳ ಪ್ರತಿಯನ್ನು ಅಲ್ಲಿಗೆ ಒಯ್ಯುತ್ತಿದ್ದೇನೆ.