ಟ್ರ್ಯಾಕ್‌ಗೆ ಓಡಿಸುವ ಕಾರು: ಮೊದಲು ಶಾಕ್ಸ್, ಆಮೇಲೆ ಸ್ಪ್ರಿಂಗ್

ಹೊಸೂರಿನಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಸ್ವಂತ ಕಾರಲ್ಲೇ ಹೋಗಿಬರುವವರಿಗೆ ಒಂದು ಮಾತು. ಸುಮ್ನೆ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಒಂದನ್ನೇ ಹಾಕಿಸಬೇಡಿ. ನಾನು ಹಾಕಿಸಿದ್ದೆ. ಕಾರು ನೋಡೋಕೆ ಚೆನ್ನಾಗಿತ್ತು, ಅಷ್ಟೇ. ಆ ಗಟ್ಟಿ ಸ್ಪ್ರಿಂಗನ್ನು ಹಳೇ ಶಾಕ್ಸ್ (ಸ್ಪ್ರಿಂಗಿನ ಕುಣಿತ ಹಿಡಿದಿಡುವ ಶಾಕ್ ಅಬ್ಸಾರ್ಬರ್) ತಡೆಯಲಿಲ್ಲ. ತೊಪ್ಪೂರು ಘಾಟ್ ದಾಟುವಾಗಲೇ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ತುಂಡು) ಡಬ್ ಡಬ್ ಅಂತ ಬಡಿಯುತ್ತಿತ್ತು. ತಿಂಗಳಲ್ಲಿ ಶಾಕ್ಸ್ ರಾಡಿನ ಸುತ್ತ ಎಣ್ಣೆ ಜಿನುಗಿ, ಧೂಳು ಮೆತ್ತಿಕೊಂಡಿತು.

ಬಜೆಟ್ ಕಮ್ಮಿ ಇದ್ದರೆ ಒಳ್ಳೆ ಶಾಕ್ಸ್ ಹಾಕಿಸಿ, ಹರಿದ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಹಿಡಿಯುವ ತೋಳಿನ ಕೀಲಿನ ರಬ್ಬರ್) ಬದಲಿಸಿ. ನಿಮ್ಮ ಕಾರಿಗೆ ಕ್ಯಾಂಬರ್ ಬೋಲ್ಟ್ (ಚಕ್ರದ ವಾಲಿಕೆ ಹೊಂದಿಸುವ ಬೋಲ್ಟ್) ಸಿಕ್ಕಿದರೆ ಮುಂದಿನ ಚಕ್ರದ ಮೇಲ್ಭಾಗವನ್ನು ಸುಮಾರು 1.5 ಡಿಗ್ರಿ ಒಳಕ್ಕೆ ವಾಲಿಸಿ. ತಿರುವಿನಲ್ಲಿ ಹಿಡಿತ ಜಾಸ್ತಿ, ಟೈರಿನ ಹೊರ ಅಂಚು ಸವೆಯೋದು ಕಮ್ಮಿ. ಆಮೇಲೆ ಟೋ (ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಮಾಡಿಸಲೇಬೇಕು. ಅಗ್ಗದ ಕಾಯಿಲೋವರ್ (ಸ್ಪ್ರಿಂಗ್, ಶಾಕ್ಸ್ ಎರಡೂ ಸೇರಿದ, ಎತ್ತರ ಹೊಂದಿಸಬಹುದಾದ ಸೆಟ್)? ಸದ್ಯಕ್ಕೆ ಬೇಡ, ಆ ದುಡ್ಡನ್ನು ಟೈರಿಗೆ ಇಡಿ.