ಪಿನ್ನಿನ ಕಾಲು ನೋಡಿದರೆ ಸ್ಟೇಪ್ಲರ್ ಕಾಯಿಲೆ ಗೊತ್ತಾಗುತ್ತದೆ

ಮೊನ್ನೆ ಮೊಮ್ಮಗನ ಪ್ರಾಜೆಕ್ಟ್ ಹಾಳೆಗಳಿಗೆ ಪಿನ್ ಹೊಡೆಯಬೇಕಿತ್ತು. ಮಗಳ ಮನೆಯಲ್ಲಿ ಹುಡುಕಿದರೆ ಮೂರು ಸ್ಟೇಪ್ಲರ್ ಸಿಕ್ಕವು. "ಮೂರೂ ಕೆಟ್ಟಿವೆ, ಹೊಸದು ತರೋಣ ಬಿಡಪ್ಪ" ಎಂದಳು ಮಗಳು. ನಾನು ಬಿಡಲಿಲ್ಲ. ಮೇಜಿನ ಮೇಲೆ ಪೇಪರ್ ಹಾಸಿ ಮೂರನ್ನೂ ಬಿಚ್ಚಿ ನೋಡಿದೆ. ದೊಡ್ಡದಕ್ಕೆ ಚಿಕ್ಕ ಪಿನ್ ತುಂಬಿದ್ದರು. ಎರಡನೆಯದರಲ್ಲಿ ಕೆಳಗಿನ ತಗಡು ತಿರುಗಿ ಕೂತಿತ್ತು. ಮೂರನೆಯದರ ಬಾಯಲ್ಲಿ ಅರ್ಧ ಪಿನ್ ಸಿಕ್ಕಿಕೊಂಡಿತ್ತು. ಒಂದೂ ಕೆಟ್ಟಿರಲಿಲ್ಲ!

ಸಾಗರದಲ್ಲಿ ಒಂದು ಸಣ್ಣ ಪ್ರೆಸ್ಸಿನ ಬೈಂಡಿಂಗ್ ಕೆಲಸದಲ್ಲಿ 31 ವರ್ಷ ಕಳೆದವನು ನಾನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಭಜನೆ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ, ಎಲ್ಲಕ್ಕೂ ಪಿನ್ ಹೊಡೆದ ಕೈ ಇದು. ಅಲ್ಲಿ ನಮ್ಮದು ಸ್ಟೇಪ್ಲರ್ ಅಲ್ಲ, ತಂತಿಯ ಸ್ಟಿಚಿಂಗ್ ಮಷಿನ್. ಅದರ ಕೆಲಸ ನೋಡಿದವರಿಗೆ ಮನೆಯ ಸ್ಟೇಪ್ಲರ್ ಅರ್ಥವಾಗುವುದು ಸುಲಭ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಆ ಮಷಿನ್ನಿನ ತಲೆಯ ಮೇಲೆ ತಂತಿಯ ರೀಲು ಇರುತ್ತದೆ. ಕಾಲಲ್ಲಿ ಪೆಡಲ್ ಒತ್ತಿದರೆ ತಂತಿ ಬೇಕಾದಷ್ಟು ಕೆಳಗಿಳಿಯುತ್ತದೆ, ಒಂದು ಚಾಕು ಅದನ್ನು ಕಚಕ್ ಅಂತ ಕತ್ತರಿಸುತ್ತದೆ. ಕತ್ತರಿಸಿದ ತುಂಡು ಒಂದು ಸಣ್ಣ ಉಕ್ಕಿನ ಕಟ್ಟೆಯ ಮೇಲೆ ಅಡ್ಡಲಾಗಿ ಕೂರುತ್ತದೆ. ಮೇಲಿನಿಂದ ಇಳಿಯುವ ಅಚ್ಚು ಅದರ ಎರಡೂ ತುದಿಗಳನ್ನು ಕೆಳಕ್ಕೆ ಬಗ್ಗಿಸುತ್ತದೆ. ತಂತಿ ಬಾಗಿಲಿನ ಚೌಕಟ್ಟಿನ ಆಕಾರಕ್ಕೆ ಬಂತು, ಅಂದರೆ ಪಿನ್ ಆಯಿತು. ಈಗ ಕಟ್ಟೆ ಹಿಂದೆ ಸರಿಯುತ್ತದೆ, ಹಿಂದೆಯೇ ಬರುವ ಉಕ್ಕಿನ ಪಟ್ಟಿ ಪಿನ್ನನ್ನು ಕಾಗದದೊಳಕ್ಕೆ ಇಳಿಸುತ್ತದೆ. ಕೆಳಗೆ ಕಾದಿರುವ ಎರಡು ಸಣ್ಣ ರೆಕ್ಕೆಗಳು ಮೇಲೆದ್ದು ಕಾಲು ಮಡಿಚುತ್ತವೆ. ಇಷ್ಟೂ ಆಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಪುಸ್ತಕ ದಪ್ಪವಾದರೆ ತಂತಿಯ ಉದ್ದ ಜಾಸ್ತಿ ಮಾಡುತ್ತೇವೆ, ತೆಳುವಾದರೆ ಕಡಿಮೆ. ಕಾಗದಕ್ಕೆ ತಕ್ಕ ಕಾಲು!

ಮೇಜಿನ ಮೇಲಿಡುವ ಸ್ಟೇಪ್ಲರಿಗೂ ಈ ವಿದ್ಯೆ ಕಲಿಸಿದವರಿದ್ದಾರೆ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಬೇಟ್ಸ್ ಕಂಪನಿ ಹಿತ್ತಾಳೆ ತಂತಿಯ ಸುರುಳಿ ಹಾಕುವ ಸ್ಟೇಪ್ಲರ್ ಮಾರುತ್ತಿತ್ತು. ಒತ್ತಿದಾಗೆಲ್ಲ ಅದು ತಾನೇ ಒಂದು ಪಿನ್ ಮಾಡಿ ತಾನೇ ಹೊಡೆಯುತ್ತಿತ್ತು. ಈಗಲೂ ಕೆಲವು ದೊಡ್ಡ ಝೆರಾಕ್ಸ್ ಯಂತ್ರಗಳಿಗೆ ಹಾಕುವ ಪಿನ್ ಪೆಟ್ಟಿಗೆ ಬಿಚ್ಚಿ ನೋಡಿ, ಒಳಗಿರುವುದು ಬಗ್ಗಿಸಿದ ಪಿನ್ ಅಲ್ಲ, ಚಪ್ಪಟೆಯಾಗಿ ಅಂಟಿಸಿದ ನೇರ ತಂತಿಗಳ ಪಟ್ಟಿ. ಬಗ್ಗಿಸುವ ಕೆಲಸ ಯಂತ್ರದ್ದೇ.

ನಮ್ಮ ಮನೆಯ ಸ್ಟೇಪ್ಲರಿಗೆ ಆ ಕೆಲಸ ಬರುವುದಿಲ್ಲ. ಪಿನ್ ಮಾಡುವುದು ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ಕಾಲಿನ ಉದ್ದ ಅಲ್ಲೇ ನಿಗದಿ. ಹಾಗಾಗಿ ಸರಿಯಾದ ಪಿನ್ ಆರಿಸುವ ಜವಾಬ್ದಾರಿ ನಮ್ಮದು. ಮುಕ್ಕಾಲು ಪಾಲು ತೊಂದರೆ ಬರುವುದು ಇಲ್ಲೇ ಅಂತ ನನ್ನ ಅನುಭವ.

ಡಬ್ಬಿಯ ಮೇಲಿನ ನಂಬರ್ ಓದುವುದು ಕಲಿತುಕೊಳ್ಳಿ. ಅಂಗಡಿಯಲ್ಲಿ ಜಾಸ್ತಿ ಓಡುವುದು ಎರಡು, ನಂಬರ್ 10 ಮತ್ತು 24/6. ನಂಬರ್ 10 ಚಿಕ್ಕದು, ಕಾಲು ಸುಮಾರು 5 ಮಿಲಿಮೀಟರ್. ಡಬ್ಬಿಯ ಮೇಲೆ 10-1ಎಂ ಅಂತ ಇದ್ದರೆ ಆ ಎಂ ರೋಮನ್ ಲೆಕ್ಕದ ಸಾವಿರ, ಅಂದರೆ ಒಳಗೆ 1000 ಪಿನ್. 24/6ರಲ್ಲಿ 24 ಎಂದರೆ ತಂತಿಯ ಗೇಜು, 6 ಎಂದರೆ ಕಾಲಿನ ಉದ್ದ, ಮಿಲಿಮೀಟರಿನಲ್ಲಿ. ಗೇಜು ನಂಬರ್ ದೊಡ್ಡದಾದಷ್ಟೂ ತಂತಿ ಸಣ್ಣ. ಇದು ಎಲ್ಲರಿಗೂ ಉಲ್ಟಾ ಹೊಡೆಯುತ್ತದೆ. ಹಾಗಾಗಿ 26/6 ಅಂದರೆ 24/6ಕ್ಕಿಂತ ತೆಳು ತಂತಿ, ಕಾಲು ಅಷ್ಟೇ. 23/13 ಅಂತ ಕಂಡರೆ ಅದು ದಪ್ಪ ಕಟ್ಟುಗಳಿಗೆ ಹೊಡೆಯುವ ದೊಡ್ಡ ಮಷಿನ್ನಿನ ಪಿನ್, 13 ಮಿಲಿಮೀಟರ್ ಕಾಲು.

24/6 ಪಿನ್ನಿನ ಬೆನ್ನು ಸುಮಾರು 13 ಮಿಲಿಮೀಟರ್ ಅಗಲ, ನಂಬರ್ 10ರದ್ದು ಸುಮಾರು 9. ದೊಡ್ಡ ಪಿನ್ನು ಚಿಕ್ಕ ಸ್ಟೇಪ್ಲರಿಗೆ ಹೋಗುವುದೇ ಇಲ್ಲ, ಅದು ಪುಣ್ಯ. ಚಿಕ್ಕದು ದೊಡ್ಡದರೊಳಗೆ ಆರಾಮಾಗಿ ಬೀಳುತ್ತದೆ, ಸೊಟ್ಟಗೆ ಕೂರುತ್ತದೆ, ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಮಗಳ ಮನೆಯಲ್ಲಿ ಆಗಿದ್ದು ಇದೇ.

ಹಾಳೆ ಎಷ್ಟು ಹಿಡಿಯುತ್ತದೆ ಅಂದರೆ, ಝೆರಾಕ್ಸ್ ಹಾಳೆಯ ಲೆಕ್ಕದಲ್ಲಿ ನಂಬರ್ 10ಕ್ಕೆ 15 ದಾಟಿಸಬೇಡಿ. 24/6ಕ್ಕೆ 20ರಿಂದ 25. ಪೊಟ್ಟಣದ ಮೇಲೆ ಇನ್ನೂ ಜಾಸ್ತಿ ಬರೆದಿರಬಹುದು, ಅದು ಹೊಸ ಸ್ಟೇಪ್ಲರು, ಒಳ್ಳೆ ಪಿನ್ನು, ಗಟ್ಟಿ ಕೈ ಮೂರೂ ಇದ್ದಾಗಿನ ಮಾತು.

ಈಗ ಒಳಗೆ ಏನಾಗುತ್ತದೆ ನೋಡೋಣ. ಪಿನ್ ಕಡ್ಡಿಯಲ್ಲಿ 50 ಪಿನ್‌ಗಳು ಅಂಟಿನಿಂದ ಒಂದಕ್ಕೊಂದು ಅಂಟಿರುತ್ತವೆ. ಹಿಂದಿನಿಂದ ಸ್ಪ್ರಿಂಗು ಆ ಕಡ್ಡಿಯನ್ನು ಸದಾ ಬಾಯಿಯ ಕಡೆಗೆ ನೂಕುತ್ತಿರುತ್ತದೆ. ಮೇಲಿನ ಕೈ ಒತ್ತಿದಾಗ ಅದರ ಮೂತಿಗಿರುವ ತೆಳು ಉಕ್ಕಿನ ತಗಡು ಕೆಳಗಿಳಿದು ಮೊದಲ ಪಿನ್ನನ್ನು ಮಾತ್ರ ಅಂಟಿನಿಂದ ಬಿಡಿಸಿ ತಳ್ಳುತ್ತದೆ. ಆ ತಗಡಿನ ದಪ್ಪ ಒಂದು ಪಿನ್ನಿನಷ್ಟೇ. ಪಿನ್ ಹೊರಬೀಳುವ ಬಾಯಿಯ ಸಂದಿಯೂ ಒಂದೇ ಪಿನ್ ಹಿಡಿಯುವಷ್ಟು. ಕೆಳಗಿನ ತಗಡಿನಲ್ಲಿ ಎರಡು ಗುಳಿ ಇವೆ ನೋಡಿ, ಕಾಗದ ತೂರಿ ಬಂದ ಕಾಲುಗಳು ಆ ಗುಳಿಯ ಇಳಿಜಾರಿನಲ್ಲಿ ಜಾರಿ ಒಳಕ್ಕೆ ಮಡಚಿಕೊಳ್ಳುತ್ತವೆ. ತೆಳು ತಂತಿ ದಪ್ಪ ಕಾಗದ ತೂರುವುದು ಹೇಗೆ ಅಂತ ಮೊಮ್ಮಗ ಕೇಳಿದ. ಬಾಯಿಯ ಸಂದಿಯಲ್ಲಿ ಇರುವತನಕ ಪಿನ್ನಿಗೆ ನಾಲ್ಕೂ ಕಡೆ ಗೋಡೆ ಇದೆ, ಬಗ್ಗಲು ಜಾಗವೇ ಇಲ್ಲ. ಹೊರಗೆ ಬಂದು ಕಾಗದ ಸಿಗುವುದರ ನಡುವೆ ಅಂತರ ಉಳಿದರೆ ಮಾತ್ರ ಅದು ಮಂಡಿ ಊರುತ್ತದೆ. ಅದಕ್ಕೇ ಹಾಳೆಗಳನ್ನು ಮೊದಲು ಬೆರಳಲ್ಲಿ ಒತ್ತಿ ಗಾಳಿ ತೆಗೆಯಿರಿ, ಆಮೇಲೆ ಪಿನ್ ಹೊಡೆಯಿರಿ.

ಇನ್ನು ಪಿನ್ ಹೊಡೆದ ಹಾಳೆ ತಿರುಗಿಸಿ ಕಾಲು ನೋಡಿ. ಎರಡೂ ಕಾಲು ಚಪ್ಪಟೆಯಾಗಿ ಒಳಗೆ ಮಲಗಿದ್ದರೆ ಎಲ್ಲ ಸರಿ. ಕಾಲು ಹಿಂದೆ ಬಂದೇ ಇಲ್ಲ, ಮುಂದೆಯೇ ಮುದುಡಿದೆ ಅಂದರೆ ಹಾಳೆ ಜಾಸ್ತಿಯಾಯಿತು, ಇಲ್ಲವೇ ನಡುವೆ ಲ್ಯಾಮಿನೇಷನ್ ಮಾಡಿದ್ದು ಏನೋ ಇದೆ. ತುದಿ ಮಾತ್ರ ಇಣುಕಿ ಮಡಚಿಕೊಳ್ಳದೆ ನಿಂತಿದ್ದರೆ ಕಾಲು ಸಾಲಲಿಲ್ಲ. ಒಂದು ಕಾಲು ಮಲಗಿ ಇನ್ನೊಂದು ಪಕ್ಕಕ್ಕೆ ಚಾಚಿದ್ದರೆ ಹಿಂದಿನ ಕೀಲು ಸಡಿಲವಾಗಿ ಬಾಯಿಗೂ ಗುಳಿಗೂ ನೇರ ತಪ್ಪಿದೆ. ಮೇಲಿನ ಭಾಗ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, ಲಟಲಟ ಅಂದರೆ ಅದೇ ಕಾಯಿಲೆ. ಇದಕ್ಕೆ ಮನೆಮದ್ದು ಇಲ್ಲ, ಅಂಥದ್ದನ್ನು ಗುಜರಿಗೆ ಹಾಕಬಹುದು.

ಎರಡೂ ಕಾಲು ಹೊರಕ್ಕೆ, ಮೀಸೆಯ ಹಾಗೆ ಚಾಚಿದ್ದರೆ? ಅದು ಕಾಯಿಲೆ ಅಲ್ಲ. ದೊಡ್ಡ ಸ್ಟೇಪ್ಲರುಗಳಲ್ಲಿ ಕೆಳಗಿನ ಗುಳಿ ತಗಡನ್ನು ಅಡಿಯಿಂದ ಒತ್ತಿ ತಿರುಗಿಸಬಹುದು. ಒಂದು ಕಡೆ ಕಾಲು ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ. ಹೊರಕ್ಕೆ ಮಾಡಿದ್ದು ಸುಮ್ನೆ ಎಳೆದರೆ ಬಿಡುತ್ತದೆ. ನಾಳೆ ಬಿಚ್ಚಬೇಕಾದ ಕಾಗದಕ್ಕೆ, ಟೈಲರ್ ಬಟ್ಟೆಗೆ ಚೀಟಿ ಹಾಕುವುದಕ್ಕೆ ಇದೇ ಒಳ್ಳೆಯದು. ಇಷ್ಟು ವರ್ಷ ಸ್ಟೇಪ್ಲರ್ ಇಟ್ಟುಕೊಂಡವರಿಗೂ ಇದು ಗೊತ್ತಿರುವುದಿಲ್ಲ!

ಒತ್ತುವುದರಲ್ಲೂ ಒಂದು ಹದ ಇದೆ. ಹೊಡೆಯುವುದು ಅಂತ ಬಾಯಲ್ಲಿ ಹೇಳುತ್ತೇವೆ, ಕೈಯಲ್ಲಿ ಹೊಡೆಯಬೇಡಿ. ಅಂಗೈಯ ಬುಡವನ್ನು ಮೂತಿಯ ಮೇಲಿಟ್ಟು ಒಂದೇ ಉಸಿರಿನಲ್ಲಿ ಕೊನೆತನಕ ಒತ್ತಿ. ಅರ್ಧ ಒತ್ತಿ ಅನುಮಾನದಲ್ಲಿ ಬಿಟ್ಟರೆ ಮೊದಲ ಪಿನ್ನು ಬಾಯಲ್ಲೇ ಉಳಿಯುತ್ತದೆ, ಎರಡನೆಯದು ಹಿಂದೆ ಬಂದು ಒತ್ತಿಕೊಳ್ಳುತ್ತದೆ. ಒಬ್ಬರು ಹೋಗುವ ಬಾಗಿಲಲ್ಲಿ ಇಬ್ಬರು ನುಗ್ಗಿದ ಹಾಗೆ.

ಸಿಕ್ಕಿಕೊಂಡರೆ ಮೊದಲು ಪಿನ್ ಕಡ್ಡಿ ಹೊರಗೆ ತೆಗೆಯಿರಿ. ಆಮೇಲೆ ಬಾಯಿಯನ್ನು ಬೆಳಕಿಗೆ ಹಿಡಿದು, ಕೆಳಗಿನಿಂದ ದಬ್ಬಳದ ತುದಿಯಲ್ಲಿ ಮೆಲ್ಲಗೆ ಮೇಲಕ್ಕೆ ತಳ್ಳಿ. ಸಣ್ಣ ಸ್ಟೇಪ್ಲರಿನ ಬಾಲದಲ್ಲಿ ಒಂದು ತಗಡಿನ ನಾಲಿಗೆ ಇರುತ್ತದಲ್ಲ, ಅದು ಕಾಗದದ ಪಿನ್ ಕೀಳಲು. ಇದಕ್ಕೆ ಅಲ್ಲ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಬಾಯಿ ಅಗಲಿಸುವುದಂತೂ ಬೇಡವೇ ಬೇಡ. ಒಂದು ಸಲ ಸಂದಿ ಅಗಲವಾದರೆ ಪ್ರತಿ ಸಲವೂ ಎರಡೆರಡು ಪಿನ್ ನುಗ್ಗುತ್ತವೆ, ಆ ಸ್ಟೇಪ್ಲರಿನ ಕಥೆ ಮುಗಿಯಿತು. ನಾನೇ ಹುಡುಗನಾಗಿದ್ದಾಗ ಒಂದನ್ನು ಹೀಗೆ ಕೊಂದಿದ್ದೇನೆ, ಮಾಲೀಕರ ಕೈಲಿ ಬೈಸಿಕೊಂಡಿದ್ದೂ ಆಗಿದೆ.

ಎಣ್ಣೆ ಬೇಕಾದರೆ ಹೊಲಿಗೆ ಮಷಿನ್ನಿನ ಎಣ್ಣೆ, ಒಂದೇ ಹನಿ, ಸ್ಪ್ರಿಂಗು ಓಡುವ ಹಾದಿಗೆ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು ಕಾಗದದ ಧೂಳಿನ ಜೊತೆ ಸೇರಿ ಅಂಟಾಗುತ್ತದೆ, ಚಳಿಗೆ ಗಟ್ಟಿಯೂ ಆಗುತ್ತದೆ.

ಭಜನೆ ಪುಸ್ತಕದ ಹಾಗೆ ನಡುವೆ ಪಿನ್ ಹೊಡೆಯಬೇಕಾದರೆ ಸ್ಟೇಪ್ಲರಿನ ಕೈ ಸಾಲುವುದಿಲ್ಲ. ಪ್ರೆಸ್ಸಿನವರು ಇದಕ್ಕೆ ಸೆಂಟರ್ ಪಿನ್ ಎನ್ನುತ್ತೇವೆ. ಮನೆಯಲ್ಲಿ ಹೀಗೆ ಮಾಡಿ. ಥರ್ಮೊಕೋಲ್ ತುಂಡು ಅಥವಾ ನಾಲ್ಕು ಮಡಿಕೆಯ ಹಳೆ ಟವೆಲ್ ಹಾಸಿ. ಹಾಳೆಗಳನ್ನು ಬಿಚ್ಚಿ, ರಟ್ಟು ಮೇಲೆ ಬರುವ ಹಾಗೆ ಅದರ ಮೇಲಿಡಿ. ಸ್ಟೇಪ್ಲರನ್ನು ಪೂರ್ತಿ ಬಿಚ್ಚಿ, ಮಡಿಕೆಯ ಗೆರೆಗೆ ಅಡ್ಡಲಾಗಿ, ಪಿನ್ನಿನ ಬೆನ್ನು ಗೆರೆಗುಂಟ ಬೀಳುವ ಹಾಗೆ ಕೂರಿಸಿ ಒತ್ತಿ. ಕಾಲು ಟವೆಲ್ಲಿಗೆ ಇಳಿಯುತ್ತದೆ. ಮೆಲ್ಲಗೆ ಎತ್ತಿ, ತಿರುಗಿಸಿ, ಚಮಚದ ಬೆನ್ನಿನಿಂದ ಕಾಲು ಮಡಿಚಿ. ಎರಡು ಪಿನ್ ಸಾಕು. ಹೀಗೆ ಬಿಚ್ಚಿದ ಸ್ಟೇಪ್ಲರನ್ನು ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಪಿನ್ನು ಕಣ್ಣಿಗೆ ಹಾರುತ್ತದೆ. ಒಂದು ಮೂಲೆಗೆ ಹೊಡೆಯುವುದಾದರೆ ಓರೆಯಾಗಿ ಹೊಡೆಯಿರಿ, ಹಾಳೆ ಮಡಚುವಾಗ ಹರಿಯುವುದಿಲ್ಲ.

ಪಿನ್ ಹೊಡೆಯಬಾರದ ಜಾಗಗಳೂ ಇವೆ. ನೋಟಿಗೆ ಹೊಡೆಯಬೇಡಿ. ನೋಟಿನ ಕಟ್ಟಿಗೆ ಪಿನ್ ಬೇಡ, ಕಾಗದದ ಪಟ್ಟಿ ಸುತ್ತಿ ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ 2001ರಲ್ಲೇ ಹೇಳಿದೆ. ಆದರೂ ಮದುವೆ ಮುಯ್ಯಿಯ ಕವರಿಗೆ ನೋಟಿನ ಸಮೇತ ಪಿನ್ ಹೊಡೆಯುವವರು ಇದ್ದಾರೆ, ಬಿಚ್ಚುವವರ ಪಾಡು ಕೇಳಿ. ಊಟದ ಎಲೆ, ದೊನ್ನೆಗೂ ಪಿನ್ ಬೇಡ. ನಮ್ಮ ಹಿರಿಯರು ಮುತ್ತುಗದ ಎಲೆ ಹಚ್ಚಲು ಹಂಚಿಕಡ್ಡಿ ಚುಚ್ಚುತ್ತಿದ್ದರು, ಬಾಯಿಗೆ ಬಂದರೂ ನಾಲಿಗೆಗೆ ಗೊತ್ತಾಗುತ್ತಿತ್ತು, ಉಗಿದರೆ ಆಯಿತು. ಪಿನ್ ಹಾಗಲ್ಲ, ಅನ್ನದ ಜೊತೆ ಜಾರಿ ಹೋಗುತ್ತದೆ. ಪಾರ್ಸೆಲ್ ತಂದಾಗಲೂ ಪೊಟ್ಟಣದ ಪಿನ್ನನ್ನು ತಟ್ಟೆಯಿಂದ ದೂರ ಇಟ್ಟುಕೊಂಡು ಬಿಚ್ಚಿ.

ಜಮೀನಿನ ಪತ್ರ, ಕ್ರಯಪತ್ರ, ಜಾತಕಕ್ಕಂತೂ ಪಿನ್ ಬೇಡವೇ ಬೇಡ. ಮಲೆನಾಡಿನ ಮಳೆಗೆ ಎರಡೇ ವರ್ಷದಲ್ಲಿ ಪಿನ್ ತುಕ್ಕು ಹಿಡಿದು ಕಾಗದ ಕಂದಾಗುತ್ತದೆ, ಆಮೇಲೆ ಆ ಜಾಗ ತೂತಾಗಿ ಉದುರುತ್ತದೆ. ಪಂಚ್ ಮಾಡಿ, ಕಚೇರಿಯಲ್ಲಿ ಹಾಕುವ ದಾರದ ಟ್ಯಾಗ್ ಹಾಕಿ. ಈಗಾಗಲೇ ತುಕ್ಕು ಹಿಡಿದ ಪಿನ್ ಇದ್ದರೆ ಮುಂದಿನಿಂದ ಎಳೆಯಬೇಡಿ, ಕಾಗದವೂ ಜೊತೆಗೆ ಬರುತ್ತದೆ. ಹಿಂದೆ ತಿರುಗಿಸಿ, ಮೊಂಡು ಚಾಕುವಿನ ತುದಿಯಲ್ಲಿ ಎರಡೂ ಕಾಲು ಎತ್ತಿ ನೇರ ಮಾಡಿ, ಆಮೇಲೆ ಮುಂದಿನಿಂದ ಬೆನ್ನು ಹಿಡಿದು ಎತ್ತಿ. ಕಿತ್ತ ಪಿನ್ನುಗಳನ್ನು ನೆಲಕ್ಕೆ ಬಿಸಾಡದೆ ಒಂದು ಹಳೆ ಡಬ್ಬಿಗೆ ಹಾಕಿ. ನೆಲಕ್ಕೆ ಬಿದ್ದಿದ್ದರೆ ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಲದ ಮೇಲೆ ಆಡಿಸಿ. ಕವರ್ ಉಲ್ಟಾ ಮಾಡಿದರೆ ಪಿನ್ನುಗಳೆಲ್ಲ ಒಳಗೇ ಉಳಿಯುತ್ತವೆ.